ಆ ಚಿತ್ರದಲ್ಲಿರುವ ಬಿಳಿ ಗೆರೆ ಯಾವುದು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬೆಳದಿಂಗಳ ಸ್ಕೀಯಿಂಗ್ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಿಂದ, ಎರಡನೇ ಸಲ ಸಿಟ್ಟಿನಿಂದ. ಲಿಫ್ಟ್ ಇಲ್ಲದ, ಯಂತ್ರ ಓಡಿಸಿ ಹಿಮ ಸಮ ಮಾಡದ, ಕಾವಲಿಗೆ ಯಾರೂ ಇಲ್ಲದ ಬೆಟ್ಟವನ್ನು ಸ್ವಂತ ಕಾಲಿನಲ್ಲೇ ಹತ್ತಿ ಇಳಿಯುವುದಕ್ಕೆ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ ಎಂದು ಒಂದೇ ಸಾಲಿನಲ್ಲಿ ತಿಳಿಯಹೇಳಿದ್ದೀರಿ. ಅದಕ್ಕೆ ಥ್ಯಾಂಕ್ಸ್. ಆದರೆ ಮುಂದೆ, ಹುಣ್ಣಿಮೆ ರಾತ್ರಿ ಹಿಮದ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಕಿರುತ್ತದೆ, ಎಲ್ಲವೂ ಹಗಲಿನಂತೆಯೇ ಕಾಣುತ್ತದೆ, ಹಣೆಗೆ ದೀಪ ಕಟ್ಟಿಕೊಂಡು ಹೋಗುವವರಿಗೆ ರಸಿಕತೆ ಇಲ್ಲ ಎಂಬರ್ಥದ ಮಾತುಗಳಿವೆ. ನನ್ನ ತಕರಾರು ಇರುವುದು ಅಲ್ಲಿ.

ಬರಹದ ಜೊತೆ ನೀವೇ ಹಾಕಿರುವ ಚಿತ್ರವನ್ನು ಇನ್ನೊಮ್ಮೆ ನೋಡಿ. ಕಡುನೀಲಿ ಆಕಾಶ, ಚುಕ್ಕಿಗಳು, ಬೆಳ್ಳಗೆ ಹೊಳೆಯುವ ಇಳಿಜಾರು. ಅದರ ಮೇಲೆ ತುದಿಯಿಂದ ಬುಡದವರೆಗೆ ಹಾವಿನ ಹಾಗೆ ಬಳುಕಿಕೊಂಡು ಬಂದ ಒಂದು ಬಿಳಿ ಗೆರೆ. ಅದು ಸ್ಕೀ ಹೋದ ಜಾಡಲ್ಲ. ಅದು ಹೆಡ್‌ಲ್ಯಾಂಪ್! ಕ್ಯಾಮೆರಾದ ಶಟರನ್ನು ಎಷ್ಟೋ ಸೆಕೆಂಡು ತೆರೆದಿಟ್ಟಿದ್ದಾರೆ. ಅಷ್ಟರಲ್ಲಿ ಮನುಷ್ಯ ಇಳಿದು ಹೋಗಿದ್ದಾನೆ, ಅವನ ಮೈ ಫೋಟೋದಲ್ಲಿ ಮೂಡಿಲ್ಲ, ಹಣೆಯ ದೀಪ ಮಾತ್ರ ಉದ್ದಕ್ಕೆ ಗೆರೆ ಎಳೆದಿದೆ. ದೀಪ ಬೇಡ ಎನ್ನುವ ಬರಹಕ್ಕೆ ದೀಪದ ಚಿತ್ರ. ಹಾಗೆ ಶಟರ್ ತೆರೆದು ಬೆಳಕು ಕೂಡಿಟ್ಟುಕೊಳ್ಳುವುದು ಕ್ಯಾಮೆರಾಕ್ಕೆ ಆಗುತ್ತದೆ, ಕಣ್ಣಿಗೆ ಆಗುವುದಿಲ್ಲ. ಆ ನೀಲಿ ಇಳಿಜಾರನ್ನು ಆ ರೂಪದಲ್ಲಿ ಅಲ್ಲಿದ್ದ ಯಾರೂ ಕಂಡಿಲ್ಲ.

ಹೀಗೆ ಹೇಳಲು ನನಗೇನು ಅಧಿಕಾರ ಎಂದರೆ, 31 ವರ್ಷ ಕಣ್ಣಿನ ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆದುಕೊಟ್ಟವಳು ನಾನು. ಈಗ ನಿವೃತ್ತಿ. ಸ್ಕೀ ಮೇಲೆ ಮೊದಲು ಕಾಲಿಟ್ಟಾಗ ವಯಸ್ಸು ನಲವತ್ತು ದಾಟಿತ್ತು. ಅಕ್ಕನ ಗಂಡ ಕಲಿಸಿದರು. ಆಮೇಲಿನ ಹದಿನಾರು ಚಳಿಗಾಲದಲ್ಲಿ ಭಾವ, ಅಕ್ಕನ ಮಗ ಮತ್ತು ನಾನು, ಮೂವರೂ ಎಷ್ಟು ಬೆಳದಿಂಗಳ ರಾತ್ರಿ ಬೆಟ್ಟದಲ್ಲಿ ಕಳೆದಿದ್ದೇವೆ ಎಂಬುದು ಭಾವನ ನೋಟ್‌ಬುಕ್ಕಿನಲ್ಲಿದೆ. ಒಂದು ರಾತ್ರಿಯ ಲೆಕ್ಕ ನನ್ನ ಎಡ ಮೊಣಕಾಲಿನಲ್ಲೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಹಗಲಿನಂತೆ ಎಂದರೆ ಎಷ್ಟು ಹಗಲಿನಂತೆ? ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಮೋಡವಿಲ್ಲದ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಹುಣ್ಣಿಮೆ ಚಂದ್ರ ನೆತ್ತಿಯ ಹತ್ತಿರ ಬಂದಾಗಲೂ ಕೊಡುವುದು ಕಾಲು ಲಕ್ಸಿನ ಆಸುಪಾಸು. ಸರಿಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಆದರೂ ಬೆಳ್ಳಗೆ ಕಾಣುತ್ತದಲ್ಲ ಎಂದರೆ, ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ರಿಂದ 90ರಷ್ಟನ್ನು ವಾಪಸ್ ಕೊಡುತ್ತದೆ. ಅದೇ ಬೆಳದಿಂಗಳು ಕಾಡಿನ ಮೇಲೆ ಬಿದ್ದರೆ ಹೆಚ್ಚುಪಾಲು ಅಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಕಾಡಿನಿಂದ ಬಯಲಿಗೆ ಬಂದಾಗ ಯಾರೋ ಸ್ವಿಚ್ ಒತ್ತಿದ ಹಾಗೆ ಅನ್ನಿಸುವುದು ನಿಜ. ನಿಮ್ಮ ಬರಹಗಾರರು ಬೆರಗಾದದ್ದು ಸುಳ್ಳಲ್ಲ. ಆ ಬೆಳಕಿನಲ್ಲಿ ಕಣ್ಣು ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ಮಾತ್ರ ಅವರು ಬಿಟ್ಟಿದ್ದಾರೆ.

ನಮ್ಮ ಕಣ್ಣಿನ ಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುವಿನಾಕಾರದವು ಸುಮಾರು 60 ಲಕ್ಷ. ಬಣ್ಣ, ಸೂಕ್ಷ್ಮ ಗೆರೆ, ಅಕ್ಷರ, ಎಲ್ಲ ಅವುಗಳ ಕೆಲಸ. ಕಡ್ಡಿಯಾಕಾರದವು ಸುಮಾರು 12 ಕೋಟಿ. ಅವಕ್ಕೆ ಬಣ್ಣ ತಿಳಿಯದು, ಅಂಚು ಸರಿಯಾಗಿ ಸಿಗದು, ಆದರೆ ಕತ್ತಲಲ್ಲಿ ದುಡಿಯುವುದು ಅವೇ. ಈಗ ತಮಾಷೆ ಕೇಳಿ. ಹಗಲು ನಾವು ದಿಟ್ಟಿಸಿ ನೋಡಲು ಬಳಸುವ ಆ ನಡುಚುಕ್ಕಿಯಲ್ಲಿ ಕಡ್ಡಿ ಕೋಶಗಳೇ ಇಲ್ಲ. ಅಂದರೆ ಮಂದ ಬೆಳಕಿನಲ್ಲಿ ಯಾವುದನ್ನು ಗಟ್ಟಿಯಾಗಿ ದಿಟ್ಟಿಸುತ್ತೀರೋ ಅದೇ ಕರಗಿಹೋಗುತ್ತದೆ. ಸ್ಕೀ ತುದಿಯ ಮುಂದೆ ಏನೋ ಇದ್ದಂತಿದೆ ಎಂದು ನೇರ ನೋಡುತ್ತೀರಿ, ಏನೂ ಇಲ್ಲ. ಮುಖ ತಿರುಗಿಸುತ್ತೀರಿ, ಮತ್ತೆ ಇದೆ! ಇದನ್ನು ಭೂತ ಎಂದುಕೊಳ್ಳುವ ಬದಲು ಓರೆಗಣ್ಣಿನಲ್ಲಿ ನೋಡುವುದನ್ನು ರೂಢಿಸಿಕೊಳ್ಳಬೇಕು. ನನಗೆ ಅದು ಕೈಗೂಡಲು ಮೂರು ಚಳಿಗಾಲ ಹಿಡಿಯಿತು, ಕಣ್ಣಿನ ಕೆಲಸದಲ್ಲೇ ಇದ್ದವಳಿಗೆ.

ಒಮ್ಮೆ ಏರಿನ ನಡುವೆ ನಿಂತು ದೀಪವಿಲ್ಲದೆ ನಕ್ಷೆ ಓದಲು ನೋಡಿದೆ. ಮೇಲಿನ ದಪ್ಪ ಶೀರ್ಷಿಕೆ ಓದಲು ಬಂತು. ಎತ್ತರ ತೋರಿಸುವ ಕಂದು ಗೆರೆಗಳು ಇದ್ದ ಜಾಗದಲ್ಲಿ ಬರೀ ಬೂದಿ. ನಕ್ಷೆಯಲ್ಲಿ ಬೇಕಾದದ್ದೇ ಆ ಗೆರೆಗಳು. ಅವು ಹತ್ತಿರ ಹತ್ತಿರ ಬಂದರೆ ಕಡಿದು, ದೂರವಾದರೆ ನಿಧಾನದ ಇಳಿಜಾರು. ಬೆಟ್ಟದ ಮೇಲೂ ಕಥೆ ಅದೇ. ಎದುರಿನ ಶಿಖರ, ಕಾಡಿನ ಅಂಚು, ಎಷ್ಟೋ ದೂರದ ಏಣು, ಎಲ್ಲ ಸೊಗಸಾಗಿ ಕಾಣುತ್ತವೆ. ಕಾಲಿನ ಮುಂದಿನ ಐದು ಮೀಟರಿನಲ್ಲಿ ಹಿಮ ಗಟ್ಟಿಯೋ, ಮೆದುವೋ, ಗಾಳಿ ಕೊರೆದ ಏರುತಗ್ಗೋ, ಅದು ಕಾಣುವುದಿಲ್ಲ.

ಇನ್ನು ಆ ನೀಲಿ ಬಣ್ಣ. ಬೆಳದಿಂಗಳು ನೀಲಿ ಎಂದು ಎಲ್ಲರೂ ಬರೆಯುತ್ತಾರೆ. ಅಳೆದು ನೋಡಿದರೆ ಬೆಳದಿಂಗಳು ಬಿಸಿಲಿಗಿಂತ ಕೊಂಚ ಕೆಂಪಿನ ಕಡೆಗೇ ಇದೆ. ನೀಲಿ ಇರುವುದು ನಮ್ಮ ಕಣ್ಣಿನಲ್ಲಿ. ಕತ್ತಲಾದಂತೆ ಕಣ್ಣಿನ ಸೂಕ್ಷ್ಮತೆ ಹಳದಿ-ಹಸಿರಿನಿಂದ ನೀಲಿ-ಹಸಿರಿನ ಕಡೆಗೆ ಜರುಗುತ್ತದೆ. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ಚೆಕ್ ವಿಜ್ಞಾನಿ ಪುರ್ಕಿಂಜೆಯ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಇದೇ ಕಾರಣಕ್ಕೆ ಕೆಂಪು ಬೆಳಕಿಗೆ ಕಡ್ಡಿ ಕೋಶಗಳು ಹೆಚ್ಚೂಕಡಿಮೆ ಕುರುಡು. ಕಣ್ಣು ಕತ್ತಲಿಗೆ ಚೆನ್ನಾಗಿ ಒಗ್ಗಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬಿಳಿ ದೀಪ ಒಂದು ಸಲ ಮುಖಕ್ಕೆ ಹೊಡೆದರೆ ಅಷ್ಟೂ ನೀರಿಗೆ ಬಿದ್ದಂತೆ, ಮತ್ತೆ ಮೊದಲಿನಿಂದ. ಕೆಂಪು ದೀಪ ಆದರೆ ಬಹುಪಾಲು ಉಳಿಯುತ್ತದೆ. ಹಾಗಾಗಿ ದೀಪ ಬೇಕೋ ಬೇಡವೋ ಎಂಬ ಜಗಳವೇ ಬೇಡ. ಹತ್ತುವಾಗ ಆರಿಸಿ, ಗಂಟು ಬಿಚ್ಚಬೇಕಾದರೆ ಕೆಂಪು ಹಚ್ಚಿ, ಕಾಡಿನೊಳಗೆ ಇಳಿಯುವಾಗ ಬಿಳಿ ಹಚ್ಚಿ. ಜೊತೆಯವರ ಕಡೆ ತಿರುಗಿ ಮಾತಾಡುವಾಗ ಮಾತ್ರ ಕೈ ಅಡ್ಡ ಹಿಡಿಯಿರಿ. ಅಕ್ಕನ ಮಗ ಇದನ್ನು ಇವತ್ತಿಗೂ ಕಲಿತಿಲ್ಲ.

ಕನ್ನಡಕದವರಿಗೆ ಒಂದು ಮಾತು. ಕತ್ತಲಲ್ಲಿ ಎಷ್ಟೋ ಜನರ ಕಣ್ಣು ಸ್ವಲ್ಪ ಸಮೀಪದೃಷ್ಟಿಯ ಕಡೆಗೆ ವಾಲುತ್ತದೆ. ಹಗಲು ಇಲ್ಲದ ಮಂಜು ರಾತ್ರಿ ಬಂದರೆ ಹೆದರಬೇಡಿ, ಪರೀಕ್ಷೆ ಮಾಡಿಸಿ. ಕಪ್ಪು ಗಾಜಿನ ಗಾಗಲ್ಸ್ ಮನೆಯಲ್ಲಿಟ್ಟು ಬಣ್ಣವಿಲ್ಲದ್ದನ್ನು ತನ್ನಿ. ನಗಬೇಡಿ, ತಂದವರನ್ನು ನೋಡಿದ್ದೇನೆ.

ಈಗ ಚಂದ್ರನ ವಿಷಯ. ಬರಹದಲ್ಲಿ ಹುಣ್ಣಿಮೆಗೇ ಹೋಗಿ ಎಂದಿದೆ. ನಾವು ತ್ರಯೋದಶಿಗೆ ಹೋಗುತ್ತೇವೆ. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ಕತ್ತಲಾದಾಗ ಅವನಿನ್ನೂ ದಿಗಂತದ ಬಳಿ ಇರುತ್ತಾನೆ, ಬೆಟ್ಟಗಳ ನಡುವೆಯಂತೂ ಕಾಣುವುದೇ ಇಲ್ಲ. ಕ್ಯಾಲೆಂಡರಿನಲ್ಲಿ ಬರೆದ ಚಂದ್ರೋದಯ ಬಯಲಿಗೆ ಹೇಳಿದ್ದು. ಪೂರ್ವಕ್ಕೆ 25 ಡಿಗ್ರಿ ಎತ್ತರದ ಏಣು ಅಡ್ಡ ನಿಂತಿದ್ದರೆ ಚಂದ್ರ ಅದನ್ನು ಹತ್ತಿ ಬರಲು ಎರಡು ತಾಸಾದರೂ ಬೇಕು. ತ್ರಯೋದಶಿಯ ಚಂದ್ರ ಸೂರ್ಯ ಮುಳುಗುವ ಎರಡು ತಾಸು ಮುಂಚೆಯೇ ಎದ್ದಿರುತ್ತಾನೆ. ಕತ್ತಲಾಗುವ ಹೊತ್ತಿಗೆ ಮೇಲೆ ಬಂದು ಕಾಯುತ್ತಿರುತ್ತಾನೆ. ಬೆಳಕು ಹುಣ್ಣಿಮೆಯ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ, ಆದರೆ ಕಣ್ಣಿಗೆ ಆ ಕೊರತೆ ಗೊತ್ತೇ ಆಗುವುದಿಲ್ಲ. ಹಾಗೆಂದು ಅಷ್ಟಮಿಯ ಅರ್ಧ ಚಂದ್ರನಿಗೆ ಅರ್ಧ ಬೆಳಕು ಎಂದು ಲೆಕ್ಕ ಹಾಕಬೇಡಿ. ಹುಣ್ಣಿಮೆಯ ಹತ್ತನೇ ಒಂದು ಪಾಲೂ ಸಿಗುವುದಿಲ್ಲ. ಚಂದ್ರನ ಮೇಲ್ಮೈಯ ಉಬ್ಬುತಗ್ಗುಗಳ ನೆರಳು ಅವನ ಬೆಳಕನ್ನು ಅವನೇ ನುಂಗುವಂತೆ ಮಾಡುತ್ತದೆ.

ಹುಣ್ಣಿಮೆ ಕಳೆದ ಮೇಲೆ ಚಂದ್ರ ಹುಟ್ಟುವುದು ದಿನಕ್ಕೆ ಸರಾಸರಿ 50 ನಿಮಿಷ ತಡ. ಉತ್ತರ ಗೋಳಾರ್ಧದ ವಸಂತದಲ್ಲಿ, ಅಂದರೆ ಸ್ಕೀ ಋತು ಚೆನ್ನಾಗಿರುವ ಮಾರ್ಚಿನಲ್ಲಿ, ಹಿಮ ಬೀಳುವ ಅಕ್ಷಾಂಶಗಳಲ್ಲಿ ಇದು ದಿನಕ್ಕೆ ಒಂದು ಗಂಟೆಗೂ ಮೀರುತ್ತದೆ. ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಅನುಕೂಲ: ಹುಣ್ಣಿಮೆ ಚಂದ್ರ ಸೂರ್ಯನ ಎದುರು ದಿಕ್ಕಿನಲ್ಲಿರುವುದರಿಂದ, ಬೇಸಿಗೆಯ ಸೂರ್ಯ ಏರುವಷ್ಟೇ ಎತ್ತರಕ್ಕೆ ಏರುತ್ತಾನೆ. ಮಧ್ಯರಾತ್ರಿಗೆ ನೆರಳುಗಳು ಮೊಟಕಾಗಿರುತ್ತವೆ.

ನೆರಳು ಎಂದೆ. ಮೊಣಕಾಲಿನ ಕಥೆಗೆ ಬಂದೆ.

ಆರು ವರ್ಷದ ಹಿಂದೆ, ಫೆಬ್ರವರಿ, ಹುಣ್ಣಿಮೆ ಕಳೆದ ತದಿಗೆ. ಬೇರೆ ದಿನ ಮೂವರಿಗೂ ಒಟ್ಟಿಗೆ ಬಿಡುವಿರಲಿಲ್ಲ. ಹೆಡ್‌ಲ್ಯಾಂಪ್ ಹಚ್ಚಿಕೊಂಡು ಹತ್ತಿದೆವು, ಮೇಲೆ ಕೂತು ಚಂದ್ರನಿಗೆ ಕಾದೆವು. ಅವನು ಬಂದ ಸಂಭ್ರಮದಲ್ಲಿ ನಾನು ದೀಪ ಬಿಚ್ಚಿ ಚೀಲದ ತಳಕ್ಕೆ, ಒಣ ಗ್ಲೌಸ್‌ಗಳ ಅಡಿಗೆ ಹಾಕಿದೆ. ಆಗ ನನಗೂ ನಿಮ್ಮ ಬರಹಗಾರರ ರಸಿಕತೆಯೇ ಇತ್ತು. ಸ್ಕೀಗಳ ಅಡಿಗೆ ಅಂಟಿಸಿದ್ದ ಸ್ಕಿನ್ ಕಿತ್ತು ಮಡಚಿದೆವು. ಸ್ಕಿನ್ ಎಂದರೆ ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ. ಹಿಂದೆ ಸೀಲ್ ಪ್ರಾಣಿಯ ಚರ್ಮದ್ದಿತ್ತು, ಹೆಸರು ಅಲ್ಲಿಂದ ಬಂತು. ಈಗ ಮೊಹೇರ್ ಎಂಬ ಮೇಕೆ ಕೂದಲು ಇಲ್ಲವೇ ನೈಲಾನ್. ಹತ್ತುವಾಗ ಸಡಿಲ ಬಿಟ್ಟಿದ್ದ ಹಿಮ್ಮಡಿಯನ್ನು ಸ್ಕೀಗೆ ಲಾಕ್ ಮಾಡಿ ಇಳಿಯಲು ಶುರುಮಾಡಿದೆವು. ಬಯಲಿನಲ್ಲಿ ಹಿಮ ಹಿಟ್ಟಿನ ಹಾಗಿತ್ತು, ಮೊದಲ ಇಪ್ಪತ್ತು ತಿರುವುಗಳನ್ನು ನಾನು ಸಾಯುವವರೆಗೂ ಮರೆಯಲಾರೆ.

ಆಮೇಲೆ ವಿರಳ ಮರಗಳ ಜಾಗ. ಚಂದ್ರ ಎಡಗಡೆ, ಇನ್ನೂ ಕೆಳಗೇ ಇದ್ದ. ಮರಗಳ ನೆರಳು ಎಡದಿಂದ ಬಲಕ್ಕೆ ಉದ್ದುದ್ದ ಬಿದ್ದು ಇಳಿಜಾರಿನ ಮೇಲೆ ಏಣಿಯ ಮೆಟ್ಟಿಲುಗಳಂತಿದ್ದವು. ಒಂದು ನೆರಳು ದಾಟಿದೆ, ಎರಡು, ಮೂರು. ನೆರಳು ದಾಟುವಾಗ ಸ್ಕೀ ಅಡಿಗೆ ಏನೂ ಆಗುವುದಿಲ್ಲ, ಕಣ್ಣು ಮಾತ್ರ ಒಂದು ಕ್ಷಣ ಕಪ್ಪಾಗುತ್ತದೆ. ಒಂದೆರಡು ನಿಮಿಷದಲ್ಲಿ ಮೈ ಅದಕ್ಕೆ ಒಗ್ಗಿಬಿಡುತ್ತದೆ: ಕಪ್ಪು ಪಟ್ಟಿ ಎಂದರೆ ಏನೂ ಇಲ್ಲ. ಹಾಗೆ ಆರನೆಯದೋ ಏಳನೆಯದೋ ಪಟ್ಟಿಗೆ ಹೋದೆ. ಅದು ನೆರಳಾಗಿರಲಿಲ್ಲ. ಹಿಮ ಪೂರ್ತಿ ಮುಚ್ಚದೆ ಬಿಟ್ಟಿದ್ದ ಹಳ್ಳ, ನನ್ನ ಎದೆಯಾಳ. ಸ್ಕೀ ತುದಿ ಎದುರು ದಂಡೆಗೆ ಚುಚ್ಚಿಕೊಂಡಿತು, ನಾನು ಮುಂದಕ್ಕೆ ಹೋದೆ, ಎಡಗಾಲು ಬರಲಿಲ್ಲ.

ಭಾವ ಮೇಲಿನಿಂದ ಕೂಗಿದರು. “ಅಲ್ಲೇ ಇರು! ಏಳಕ್ಕೆ ಹೋಗ್ಬೇಡ.”

“ಏಳಕ್ಕಾಗಲ್ಲ ಭಾವ, ಕಾಲು ಸಿಕ್ಕಾಕ್ಕೊಂಡಿದೆ.”

ಅಕ್ಕನ ಮಗ ಹಳ್ಳಕ್ಕೆ ಇಳಿದು, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಡಿಸಿದ. “ಚಿಕ್ಕಮ್ಮ, ಇಷ್ಟು ದೊಡ್ಡ ಹಳ್ಳ ಕಾಣ್ಲಿಲ್ವಾ?” ಎಂದು ಕೇಳಿದ. ಆ ಹೊತ್ತಿಗೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಾಸಿಗೆ ಮೇಲೆ ಕಾಲು ಎತ್ತಿಟ್ಟುಕೊಂಡು ಮಲಗಿದ್ದ ವಾರಗಳಲ್ಲಿ ಉತ್ತರ ಹೊಳೆಯಿತು. ಕಂಡಿತ್ತು. ನೋಡಲಿಲ್ಲ. ಉಳಿದ ನೆರಳುಗಳೆಲ್ಲ ಒಂದಕ್ಕೊಂದು ಸಮಾನಾಂತರವಾಗಿದ್ದವು, ಅದೊಂದು ಓರೆಯಾಗಿತ್ತು. ಉಳಿದ ಪ್ರತಿ ನೆರಳಿನ ಎಡ ತುದಿಯಲ್ಲೂ ಒಂದು ಮರವಿತ್ತು. ಅದರ ತುದಿಯಲ್ಲಿ ಮರವಿರಲಿಲ್ಲ. ಈಗ ನಾನು ಪ್ರತಿ ಕಪ್ಪು ಪಟ್ಟಿಯ ತುದಿಗೂ ಮರ ಹುಡುಕುತ್ತೇನೆ. ಸಿಗದಿದ್ದರೆ ನಿಲ್ಲುತ್ತೇನೆ.

ಅದೇ ರಾತ್ರಿ ಇನ್ನೊಂದು ವಿಷಯ ಗೊತ್ತಾಯಿತು. ಅಕ್ಕನ ಮಗ ಹಣೆಯ ದೀಪ ಹಚ್ಚಿ ಹಳ್ಳದ ಕಡೆ ನೋಡಿದಾಗ ಅವನಿಗೂ ಅಂಚು ಸರಿಯಾಗಿ ಕಾಣಲಿಲ್ಲ, ಎಲ್ಲ ಒಂದೇ ಬಿಳಿ ಬಟ್ಟೆಯ ಹಾಗಿತ್ತು. ದೀಪವನ್ನು ಬಿಚ್ಚಿ ಕೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದ ಕೂಡಲೇ ಅಂಚು, ಅದರ ಕೆಳಗಿನ ಟೊಳ್ಳು, ಗಾಳಿ ಬರೆದ ಗೀರುಗಳು, ಎಲ್ಲ ಎದ್ದು ನಿಂತವು. ಹಣೆಯ ದೀಪ ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ಅದು ಎಸೆಯುವ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ. ನೆರಳಿಲ್ಲದಿದ್ದರೆ ಉಬ್ಬುತಗ್ಗು ತಿಳಿಯುವುದಿಲ್ಲ. ಚಂದ್ರ ನಿಮ್ಮ ಬೆನ್ನ ಹಿಂದಿದ್ದಾಗಲೂ ಇದೇ ತೊಂದರೆ, ಪಕ್ಕದಲ್ಲಿದ್ದರೆ ಒಳ್ಳೆಯದು. ಹಾಗಾಗಿ ಈಗ ನನ್ನ ಹತ್ತಿರ ಎರಡು ದೀಪ. ಒಂದು ಹಣೆಗೆ, ಇನ್ನೊಂದು ಎದೆಯ ಪಟ್ಟಿಗೆ.

ಕಾರಿನವರೆಗೆ ಬರಲು ನಾಲ್ಕು ತಾಸಾಯಿತು. ಮೊಣಕಾಲಿನ ಒಳಬದಿಯ ಲಿಗಮೆಂಟ್ ಹರಿದಿತ್ತು. ಆ ಋತು ಅಲ್ಲಿಗೆ ಮುಗಿಯಿತು.

ಕಾಲು ಹೋದದ್ದು ದೊಡ್ಡದಲ್ಲ. ಬರಹದಲ್ಲಿ ನನ್ನನ್ನು ನಿಜಕ್ಕೂ ಕೆರಳಿಸಿದ್ದು ಒಂದು ಶಬ್ದ. “ಹಿಮಪಾತದ ಭಯವಿಲ್ಲದ ರಾತ್ರಿ ಆರಿಸಿ” ಎಂದಿದೆ. ಹಿಂದಿನ ಪ್ಯಾರಾದಲ್ಲಿ “ಹಿಂದಿನ ದಿನ ಚೆನ್ನಾಗಿ ಹಿಮಪಾತವಾಗಿತ್ತು” ಎಂದು ಸಂತೋಷವನ್ನೂ ಪಟ್ಟಿದ್ದಾರೆ. ಮೊದಲನೆಯದು ಬೆಟ್ಟದಿಂದ ಹಿಮದ ರಾಶಿ ಕಿತ್ತುಕೊಂಡು ಬರುವುದು, ಎರಡನೆಯದು ಆಕಾಶದಿಂದ ಹಿಮ ಬೀಳುವುದು. ಎರಡಕ್ಕೂ ಒಂದೇ ಮಾತು ಬಳಸಿದರೆ ಓದುಗ ಏನು ತಿಳಿಯಬೇಕು? ಆಕಾಶ ತಿಳಿಯಾಗಿದೆ, ಹಿಮ ಬೀಳುತ್ತಿಲ್ಲ, ಆದ್ದರಿಂದ ಭಯವಿಲ್ಲ ಎಂದುಕೊಂಡರೆ ತಪ್ಪು ಅವನದಲ್ಲ. ದಯವಿಟ್ಟು ಬೀಳುವುದಕ್ಕೆ ಹಿಮಪಾತ ಎನ್ನಿ, ಕಿತ್ತು ಬರುವುದಕ್ಕೆ ಹಿಮಕುಸಿತ ಎನ್ನಿ. ಎರಡೂ ಕನ್ನಡದಲ್ಲಿ ಚಾಲ್ತಿಯಲ್ಲಿವೆ, ನಿಮ್ಮ ಪತ್ರಿಕೆಯ ಸುದ್ದಿ ಪುಟದಲ್ಲೂ ಹಿಮಕುಸಿತ ಎಂದೇ ಓದಿದ ನೆನಪು. ಹೆಚ್ಚು ಹಿಮ ಬಿದ್ದ ಮರುದಿನ ತಿಳಿಯಾದ ಆಕಾಶ ಬಂತೆಂದರೆ ಕುಸಿತದ ಅಪಾಯ ಕಡಿಮೆಯಲ್ಲ, ಹೆಚ್ಚು.

ಹಲಗೆಯಂತೆ ಬಿರಿದು ಜಾರುವ ಹಿಮಕುಸಿತಗಳಲ್ಲಿ ಬಹುಪಾಲು ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸಿಕ್ಕಿಕೊಂಡವರಲ್ಲಿ ಹೆಚ್ಚಿನವರ ವಿಷಯದಲ್ಲಿ ಅದನ್ನು ಬಿಡಿಸಿದ್ದು ಅವರದೇ ಭಾರ, ಇಲ್ಲವೇ ಜೊತೆಯವರದು. ಹಗಲಿನಲ್ಲಿ ಎದುರು ಬೆಟ್ಟದಲ್ಲಿ ನಿನ್ನೆ ಕುಸಿದ ಗುರುತು ಕಾಣುತ್ತದೆ, ಸ್ಕೀ ಮುಂದೆ ಬಿರುಕು ಓಡುವುದು ಕಾಣುತ್ತದೆ, ಗಾಳಿ ತಂದು ಪೇರಿಸಿದ ದಿಬ್ಬದ ಮಂಕು ಹೊಳಪು ಕಾಣುತ್ತದೆ. ಬೆಳದಿಂಗಳಲ್ಲಿ ಈ ಮೂರೂ ಇಲ್ಲ. ಇಳಿಜಾರಿನ ಕೋನವನ್ನು ಅಂದಾಜು ಮಾಡುವುದರಲ್ಲಿ ಕಣ್ಣು ಹಗಲೇ ಮೋಸ ಹೋಗುತ್ತದೆ, ರಾತ್ರಿ ಕೇಳಬೇಕೇ? ಅದಕ್ಕೆ ಭಾವನ ಕಟ್ಟಪ್ಪಣೆ: ರಾತ್ರಿ 30 ಡಿಗ್ರಿ ಮೀರಿದ್ದನ್ನು ಮುಟ್ಟುವಂತಿಲ್ಲ, ಅಂಥದ್ದರ ಬುಡದಲ್ಲೂ ಹಾಯುವಂತಿಲ್ಲ. ಮೊದಲು ಅಳೆದು ನಕ್ಷೆಯ ಮೇಲೆ ಗುರುತು ಹಾಕಿರಬೇಕು, ಹಗಲು ಒಮ್ಮೆ ನಡೆದಿರಬೇಕು. ಅವತ್ತಿನ ಹಿಮಕುಸಿತದ ಮುನ್ಸೂಚನೆ ಓದದೆ ಬೂಟು ಕಟ್ಟುವಂತಿಲ್ಲ.

ಕಿವಿ ಮಾತ್ರ ರಾತ್ರಿ ಚುರುಕಾಗಿರುತ್ತದೆ. ಹಿಮದೊಳಗಿನ ದುರ್ಬಲ ಪದರ ಕಾಲಡಿಯಲ್ಲಿ ಕುಸಿದಾಗ “ವುಮ್ಫ್” ಎಂದು ದೊಡ್ಡದೊಂದು ದಿಂಬಿನ ಮೇಲೆ ಕೂತಂಥ ಸದ್ದು ಬರುತ್ತದೆ. ಎರಡು ಸಲ ಕೇಳಿದ್ದೇನೆ. ಎರಡೂ ಸಲ ಸಮತಟ್ಟಿನಲ್ಲಿದ್ದೆವು, ಎರಡೂ ಸಲ ಯಾರೂ ಮಾತಾಡದೆ ಬಂದ ದಾರಿಯಲ್ಲೇ ತಿರುಗಿದೆವು.

ಹೂತುಹೋದವರನ್ನು ಹುಡುಕುವ ಟ್ರಾನ್ಸೀವರ್ 457 ಕಿಲೋಹರ್ಟ್ಸಿನ ರೇಡಿಯೋ ಅಲೆಯ ಮೇಲೆ ನಡೆಯುತ್ತದೆ, ಅದಕ್ಕೆ ಹಗಲು ರಾತ್ರಿ ಒಂದೇ. ಹುಡುಕುವವರಿಗೆ ಒಂದೇ ಅಲ್ಲ. ಮೇಲೆ ಉಳಿದ ಗ್ಲೌಸು, ಕೋಲಿನ ಹಿಡಿ, ಸ್ಕೀ ತುದಿ, ಹಗಲು ಮೊದಲು ಕಣ್ಣಿಗೆ ಬೀಳುವ ಈ ಸುಳಿವುಗಳು ರಾತ್ರಿ ಸಿಗುವುದಿಲ್ಲ. ಸ್ವಿಟ್ಜರ್ಲೆಂಡಿನ ದಾಖಲೆಗಳಿಂದ 1994ರಲ್ಲಿ ಹಾಕಿದ ಲೆಕ್ಕದಲ್ಲಿ, ಪೂರ್ತಿ ಹೂತವರು ಬದುಕುವ ಸಾಧ್ಯತೆ 15 ನಿಮಿಷದವರೆಗೆ ಶೇಕಡಾ 90ಕ್ಕೂ ಮೇಲಿತ್ತು, 35 ನಿಮಿಷಕ್ಕೆ ಶೇಕಡಾ 30ಕ್ಕೆ ಇಳಿಯುತ್ತಿತ್ತು. 2024ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ 15 ನಿಮಿಷ 10ಕ್ಕೆ ಇಳಿಯಿತು. ಹತ್ತು ನಿಮಿಷದಲ್ಲಿ ಯಾವ ಹೆಲಿಕಾಪ್ಟರೂ ಬರುವುದಿಲ್ಲ. ಪಕ್ಕದಲ್ಲಿರುವವರೇ ಹುಡುಕಬೇಕು, ಪ್ರೋಬ್ ಎಂಬ ಉದ್ದನೆಯ ಕೋಲನ್ನು ಹಿಮಕ್ಕೆ ಚುಚ್ಚಬೇಕು, ಸಲಿಕೆಯಲ್ಲಿ ತೋಡಬೇಕು. ದೀಪ ಚೀಲದ ತಳದಲ್ಲಿದ್ದರೆ ಆ ಹತ್ತರಲ್ಲಿ ಒಂದು ನಿಮಿಷ ಅದಕ್ಕೇ ಹೋಯಿತು.

ರಾತ್ರಿ ಸ್ಕೀಯಿಂಗ್ ಇತ್ತೀಚಿನ ಶೋಕಿ ಎಂಬಂತೆಯೂ ಬರೆದಿದ್ದೀರಿ. 1888ರಲ್ಲಿ ನಾರ್ವೆಯ ಅನ್ವೇಷಕ ನಾನ್ಸೆನ್ ಮತ್ತು ಐವರು ಸಂಗಡಿಗರು ಸ್ಕೀಯಲ್ಲಿ ಗ್ರೀನ್‌ಲ್ಯಾಂಡ್ ದಾಟಿದಾಗ ಮೊದಮೊದಲು ರಾತ್ರಿಯೇ ನಡೆದರು. ಹಗಲು ಹಿಮ ಮೆತ್ತಗಾಗುತ್ತಿತ್ತು, ರಾತ್ರಿ ಗಟ್ಟಿಯಾಗುತ್ತಿತ್ತು. ಸ್ವಿಸ್ ಸೇನೆ ನಡೆಸುವ ಜರ್ಮಾಟ್-ವರ್ಬಿಯೇ ಸ್ಕೀ ಪಂದ್ಯ, ಪತ್ರೂಯ್ ದೇ ಗ್ಲಾಸಿಯೇ, 1943ರಲ್ಲಿ ಶುರುವಾಯಿತು. ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ, 4,000 ಮೀಟರಿನ ಆಸುಪಾಸು ಏರು. ಜರ್ಮಾಟ್‌ನಿಂದ ತಂಡಗಳು ರಾತ್ರಿಯೇ ಹೊರಡುತ್ತವೆ, ಬಿಸಿಲು ಹಿಮವನ್ನು ಸಡಿಲಿಸುವ ಮುಂಚೆ ಕಠಿಣ ಜಾಗ ದಾಟಲಿ ಎಂದು. 1949ರಲ್ಲಿ ಮೂವರು ಹಿಮನದಿಯ ಬಿರುಕಿಗೆ ಬಿದ್ದು ಸತ್ತರು, ಪಂದ್ಯ ನಿಂತುಹೋಯಿತು, ಮತ್ತೆ ನಡೆದದ್ದು 1984ರಲ್ಲಿ. ಅಷ್ಟು ಪಳಗಿದವರೂ ಹೆಡ್‌ಲ್ಯಾಂಪ್ ಹಚ್ಚಿಕೊಂಡೇ ಹೋಗುತ್ತಾರೆ. ಅವರನ್ನು ರಸಿಕರಲ್ಲ ಎನ್ನುವುದಾದರೆ ನನ್ನ ಅಭ್ಯಂತರವಿಲ್ಲ.

ಚಳಿಯ ಬಗ್ಗೆ ಒಂದೇ ಸಂಗತಿ, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ತಿಳಿಯಾದ ರಾತ್ರಿ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತಲೇ ಇರುತ್ತದೆ, ಅದರ ಮೈ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದಕ್ಕೆ ತಾಗಿ ತಣಿದ ಗಾಳಿ ಭಾರವಾಗಿ ಕಣಿವೆಗೆ ಇಳಿದು ಕೂರುತ್ತದೆ. ಮೇಲೆ −6 ಡಿಗ್ರಿ ಇದ್ದದ್ದು ಕೆಳಗೆ ಕಾರಿನ ಹತ್ತಿರ −17 ಇದ್ದದ್ದನ್ನು ನಾನೇ ಥರ್ಮಾಮೀಟರಿನಲ್ಲಿ ನೋಡಿದ್ದೇನೆ. ಇಳಿದಂತೆ ಬೆಚ್ಚಗಾಗುತ್ತದೆ ಎಂದು ದಪ್ಪ ಕೋಟು ಚೀಲಕ್ಕೆ ತುರುಕಬೇಡಿ. ಫೋನನ್ನು ಅಂಗಿಯೊಳಗೆ, ಮೈಗೆ ತಾಗಿ ಇಡಿ. ಇಳಿದ ಮೇಲೆ ಮತ್ತೆ ಹತ್ತುವುದಿದ್ದರೆ ಸ್ಕಿನ್ ಕೂಡ ಅಲ್ಲೇ, ತಣಿದ ಗೋಂದು ಅಂಟುವುದಿಲ್ಲ.

ಇದೇ ತಂಪಿನಿಂದಲೇ ಹಿಮದ ಮೇಲೆ ಗಾಳಿಯಲ್ಲಿನ ತೇವ ಹರಳುಗಟ್ಟುತ್ತದೆ. ಉಗುರಿನಷ್ಟು ಅಗಲದ ಗರಿಗಳು, ನಿಂತು ನೋಡಿದರೆ ಇಳಿಜಾರಿಗೆ ಇಳಿಜಾರೇ ಮಿನುಗುತ್ತದೆ, ಸ್ಕೀ ಹಾಯ್ದರೆ ಗಾಜಿನ ಚೂರು ಸುರಿದಂತೆ ಕಿಣಿಕಿಣಿ ಸದ್ದು. ಬೆಳದಿಂಗಳಲ್ಲಿ ಇದಕ್ಕಿಂತ ಚೆಂದದ್ದು ನಾನು ಕಂಡಿಲ್ಲ. ಮುಂದಿನ ಸಲ ಹಿಮ ಬಿದ್ದು ಇವು ಅಡಿಗೆ ಸೇರಿದರೆ, ಆ “ವುಮ್ಫ್” ಎನ್ನುವ ದುರ್ಬಲ ಪದರ ಇವೇ. ಭಾವ ಅವನ್ನು ಕಂಡಾಗಲೆಲ್ಲ ತಾರೀಖು, ಎತ್ತರ, ಇಳಿಜಾರಿನ ದಿಕ್ಕು ಬರೆದುಕೊಳ್ಳುತ್ತಾರೆ. ನಾನು ಅಷ್ಟರಲ್ಲಿ ಒಂದನ್ನು ಗ್ಲೌಸಿನ ಮೇಲೆ ಎತ್ತಿಕೊಂಡು ಚಂದ್ರನ ಎದುರು ಹಿಡಿಯುತ್ತೇನೆ. ನಾಲ್ಕು ಸೆಕೆಂಡು ಇರುತ್ತದೆ, ಉಸಿರು ತಾಗಿದರೆ ಅದೂ ಇಲ್ಲ.

ಪತ್ರ ಉದ್ದವಾಯಿತು. ಕತ್ತರಿ ಹಾಕುವುದಿದ್ದರೆ ನನ್ನ ಮೊಣಕಾಲಿಗೆ ಹಾಕಿ, ಈಗಾಗಲೇ ಅಭ್ಯಾಸವಾಗಿದೆ. ಹಿಮಪಾತ-ಹಿಮಕುಸಿತದ ಭಾಗವನ್ನೂ, ಓರೆ ನೆರಳಿನ ಭಾಗವನ್ನೂ ಮುಟ್ಟಬೇಡಿ. ಆ ಚಿತ್ರದ ಕೆಳಗೆ ಶಟರ್ ಎಷ್ಟು ಹೊತ್ತು ತೆರೆದಿತ್ತು ಎಂದು ಮುಂದಿನ ಪುರವಣಿಯಲ್ಲಿ ಒಂದು ಸಾಲು ಹಾಕಿದರೂ ಸಾಕು.

ಇವತ್ತು ಪಂಚಮಿ. ಎಂಟು ದಿನಕ್ಕೆ ತ್ರಯೋದಶಿ. ಭಾವ ಆಗಲೇ ಫೋನು ಮಾಡಿ ನನ್ನ ಎರಡೂ ದೀಪಗಳ ಬ್ಯಾಟರಿ ಚಾರ್ಜ್ ಆಗಿದೆಯಾ ಎಂದು ಕೇಳಿದರು. ಒಂದರದ್ದು ಆಗಿದೆ.

ಇಂತಿ,
ನಿಮ್ಮ ಓದುಗಿ
(ನಿವೃತ್ತ ದೃಷ್ಟಿ ಪರೀಕ್ಷಕಿ)